ಅಂಗೈಯಲ್ಲಿ ನೋಡಿದ ರುಚಿ

ಗದಿಗೆಮ್ಮನಿಗೆ ಮನುಷ್ಯರ ಮುಖ ನೋಡುವ ಅಭ್ಯಾಸ ಅಷ್ಟಾಗಿ ಇಲ್ಲ. ಅವಳು ನೋಡುವುದು ತಟ್ಟೆ. ಹೈದರಾಬಾದಿನ ಉಪ್ಪಲ್‌ನಲ್ಲಿ ಮೆಟ್ರೋದ ಕಂಬಗಳು ಎದ್ದು ನಿಂತು, ರೈಲು ಮಾತ್ರ ಇನ್ನೂ ಬರಬೇಕಾಗಿದ್ದ ಆ ದಿನಗಳಲ್ಲಿ ಅವಳ ಖಾನಾವಳಿಗೆ ಜನವೋ ಜನ. ಒಂದು ಬೆಂಚಿನ ಮೇಲೆ ಕೊರಳಿಗೆ ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡ ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗ ಹುಡುಗಿಯರು. ಎದುರು ಬೆಂಚಿನ ಮೇಲೆ ಅದೇ ಕಂಪನಿಗಳಿಗೆ ಕಟ್ಟಡ ಏರಿಸುತ್ತಿದ್ದ ಯಾದಗಿರಿ, ರಾಯಚೂರು ಕಡೆಯ ಜನ. ಇಬ್ಬರಿಗೂ ಅದೇ ಜೋಳದ ರೊಟ್ಟಿ, ಅದೇ ಗುರೆಳ್ಳು ಚಟ್ನಿ. ಯಾರು ಯಾವ ಪಲ್ಯ ಬಿಟ್ಟರು, ಯಾರು ಅರ್ಧ ರೊಟ್ಟಿ ಮಡಿಚಿ ಅಂಚಿಗೆ ಸರಿಸಿದರು ಎಂಬುದನ್ನು ನೋಡಿಯೇ ಯಾರಿಗೆ ಜ್ವರ, ಯಾರಿಗೆ ಪ್ರೀತಿ, ಯಾರ ಕೆಲಸಕ್ಕೆ ಕುತ್ತು ಬಂದಿದೆ ಎಂದು ಅವಳು ಹೇಳಿಬಿಡುತ್ತಿದ್ದಳು. ಹತ್ತರಲ್ಲಿ ಎಂಟು ಸಲ ಸರಿಯಿರುತ್ತಿತ್ತು. ಉಳಿದ ಎರಡು ಸಲ, ಅವಳ ಪ್ರಕಾರ, ಗಿರಾಕಿಯೇ ಸುಳ್ಳು ಹೇಳುತ್ತಿದ್ದ.

ಅಂಥವಳ ಕಣ್ಣಿಗೆ ದೀಪಾವಳಿಯ ಹೊತ್ತಿಗೆ ಸ್ವಂತ ತಮ್ಮನ ತಟ್ಟೆ ಬಿತ್ತು.

ತಮ್ಮ ಗೊಲ್ಲಾಳಪ್ಪ ಅವಳಿಗಿಂತ ಐದು ವರ್ಷ ಚಿಕ್ಕವನು, ಐವತ್ತರ ಆಳು. ಕಬ್ಬಿಣದ ಸರಳು ಬಾಗಿಸಿ ಕಟ್ಟುವ ಮಂದಿಗೆ ಮೇಸ್ತ್ರಿ. ಅವನ ಹೆಂಡತಿ ಶಹಾಪುರದ ಹತ್ತಿರ ಊರಲ್ಲಿ ಹೊಲ ನೋಡಿಕೊಂಡಿದ್ದಳು. ಇವನು ಎರಡು ಹೊತ್ತೂ ಅಕ್ಕನ ಖಾನಾವಳಿಯಲ್ಲಿ ಉಂಡು, ಪಕ್ಕದ ಖೋಲಿಯಲ್ಲಿ ಮಲಗುತ್ತಿದ್ದ. ಕೂತನೆಂದರೆ ಆರು ರೊಟ್ಟಿ, ಜೊತೆಗೆ ಕಚಕಚ ಕಡಿಯಲು ಒಂದು ಹಿಡಿ ಹಸಿಮೆಣಸಿನಕಾಯಿ. ಮೈಸೂರಿನ ಹುಡುಗರು ಅದನ್ನು ನೋಡಿಯೇ ನೀರು ಕುಡಿಯುತ್ತಿದ್ದರು. ಈಗ ಅವನ ತಟ್ಟೆಯಲ್ಲಿ ಮೆಣಸಿನಕಾಯಿ ಇದ್ದಲ್ಲೇ ಇರುತ್ತಿತ್ತು. ಒಂದು ವಾರ ಕಳೆದ ಮೇಲೆ ರೊಟ್ಟಿಯೂ ಬೇಡವಾಯಿತು. ಮೊಸರನ್ನ ಕೊಡು ಎಂದ. ಮತ್ತೊಂದು ವಾರಕ್ಕೆ ಅವನ ಸೊಂಟದ ಬೆಲ್ಟಿಗೆ ಮೊಳೆ ಹೊಡೆದು ಮಾಡಿದ ಹೊಸ ತೂತು ಕಂಡಿತು.

"ಯಾಕೋ ಗೊಲ್ಲಾಳಿ, ಖಾರ ಬಿಟ್ಟಿ?" ಎಂದು ಕೇಳಿದಳು.

"ವಯಸ್ಸಾತಲ್ಲಕ್ಕ. ಇನ್ನ ಎಷ್ಟ ದಿನ ಹಂಗ ತಿನ್ನೂದು?" ಎಂದವನೇ ಕೈತೊಳೆಯಲು ಎದ್ದ. ತಟ್ಟೆಯಲ್ಲಿ ಅನ್ನ ಅರ್ಧ ಉಳಿದಿತ್ತು.

ಗದಿಗೆಮ್ಮನಿಗೆ ಅಣ್ಣನ ನೆನಪಾಯಿತು. ಅವರಿಬ್ಬರಿಗೂ ಹಿರಿಯ ಬೂದೆಪ್ಪ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಹೊರಕಡೆಗೆ ಹೋದಾಗ ರಕ್ತ ಬೀಳುತ್ತಿದೆ ಎಂಬುದನ್ನು ಪುಣ್ಯಾತ್ಮ ಒಂದು ವರ್ಷ ಯಾರಿಗೂ ಹೇಳದೆ, ಮೂಲವ್ಯಾಧಿ ಇರಬೇಕೆಂದು ಸಂತೆಯ ಪುಡಿ ನೆಕ್ಕಿಕೊಂಡು ಕೂತಿದ್ದ. ಹೈದರಾಬಾದಿಗೆ ಕರೆತರುವಷ್ಟರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕರುಳು ದಾಟಿ ಪಿತ್ತಜನಕಾಂಗಕ್ಕೂ ಹೋಗಿತ್ತು. ಇದು ಒಡಹುಟ್ಟಿದವರಿಗೂ ಬರಬಹುದು, ನೀವಿಬ್ಬರೂ ತಪ್ಪದೆ ನೋಡಿಸಿಕೊಳ್ಳಿ ಎಂದು ಅಂದಿನ ವೈದ್ಯರು ಹೇಳಿದ್ದರು. ಇಬ್ಬರೂ ಅಳುತ್ತಾ ಹೂಂ ಎಂದಿದ್ದರು. ದಿನ ಕಾರ್ಯ ಮುಗಿಸಿ ಬಂದ ಮೇಲೆ ಒಬ್ಬಳು ರೊಟ್ಟಿಗೆ, ಒಬ್ಬ ಸರಳಿಗೆ ಅಂಟಿಕೊಂಡು ಅದನ್ನು ಮರೆತರು. ಮರೆತರು ಎನ್ನುವುದಕ್ಕಿಂತ ನೆನಪಾದಾಗಲೆಲ್ಲ ಬೇರೆ ಮಾತು ತೆಗೆದರು ಎನ್ನುವುದೇ ಸರಿ.

ದಾರಿ ತೋರಿಸಿದವಳು ಹರ್ಷಿತಾ. ಮೈಸೂರಿನ ಹುಡುಗಿ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಕೆಲಸ, ದಿನಾ ರಾತ್ರಿ ಊಟಕ್ಕೆ ಬರುತ್ತಿದ್ದವಳು. ಗದಿಗೆಮ್ಮ ತಮ್ಮನ ವಿಷಯವನ್ನು ಹೇಳದೆ, ಅಣ್ಣನ ವಿಷಯವನ್ನಷ್ಟೇ ಅವಳ ಮುಂದೆ ತೆಗೆದಳು. ಹುಡುಗಿ ರೊಟ್ಟಿ ಕೆಳಗಿಟ್ಟೇಬಿಟ್ಟಳು.

"ಅಕ್ಕಾ, ಎರಡು ವರ್ಷದಿಂದ ಸುಮ್ನಿದ್ದೀರಾ? ನಾವು ಸಾಫ್ಟ್‌ವೇರ್ ಕೊಡೋ ಆಸ್ಪತ್ರೇಲಿ ಈ ತಿಂಗಳು ಪೂರ್ತಿ ಅದರದೇ ತಪಾಸಣೆ ನಡೀತಿದೆ. ಮನೇಲಿ ಯಾರಿಗಾದ್ರೂ ಬಂದಿದ್ರೆ ಉಳಿದೋರನ್ನ ಪುಕ್ಕಟೆ ನೋಡ್ತಾರೆ."

"ನನಗೇನೂ ತ್ರಾಸ ಇಲ್ಲವಾ."

"ತೊಂದರೆ ಇಲ್ದಿರುವಾಗ ನೋಡೋದೇ ತಪಾಸಣೆ ಅಕ್ಕಾ. ಕರುಳಲ್ಲಿ ಸಣ್ಣ ಸಣ್ಣ ಗಂಟು ಏಳುತ್ತಂತೆ. ಅದು ಕ್ಯಾನ್ಸರ್ ಆಗೋಕೆ ಎಷ್ಟೋ ವರ್ಷ ಬೇಕಂತೆ. ಅಷ್ಟರೊಳಗೆ ಕಂಡ್ರೆ ಅಲ್ಲೇ ಕಿತ್ತು ಹಾಕ್ತಾರೆ, ಕಥೆ ಮುಗೀತು."

"ಹೊಟ್ಟಿ ಒಳಗಿಂದು ಹೆಂಗ ಕಾಣ್ತದ?"

ಹರ್ಷಿತಾ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಕ್ಯಾಮೆರಾ ಇರುವ ನಳಿಗೆಯ ವಿಷಯ ಹೇಳಿದಳು. ಅದನ್ನು ಎಲ್ಲಿಂದ ಒಳಗೆ ಬಿಡುತ್ತಾರೆ ಎಂಬುದನ್ನು ಮಾತ್ರ ಕೈಸನ್ನೆಯಲ್ಲಿ ಮುಗಿಸಿದಳು. ಆಚೆ ಬೆಂಚಿನಲ್ಲಿ ಕಿವಿ ಈ ಕಡೆ ಇಟ್ಟುಕೊಂಡೇ ಉಣ್ಣುತ್ತಿದ್ದ ಗೊಲ್ಲಾಳಪ್ಪನಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು.

ಗದಿಗೆಮ್ಮ ಬಿಡಲಿಲ್ಲ. "ಕೇಳಿದ್ಯಲ್ಲೋ? ಇಬ್ಬರೂ ಹೋಗೂಣು."

ಗೊಲ್ಲಾಳಪ್ಪ ಮೀಸೆ ಒರೆಸಿಕೊಂಡು ಒಂದು ಗಳಿಗೆ ಯೋಚಿಸಿದ. ಬುದ್ಧಿವಂತ. "ನೀ ದೊಡ್ಡಾಕಿ. ಮೊದ್ಲ ನೀ ಮಾಡಿಸ್ಕೋ. ನಿಂದು ಪೂರಾ ಆತಂದ್ರ ನಂದು. ಗೊಲ್ಲಾಳೇಶನ ಆಣಿ."

ಆಣೆ ಇಡಲು ಅವನಿಗೆ ಯಾವ ಅಳುಕೂ ಇರಲಿಲ್ಲ. ಖಾನಾವಳಿ ಇಟ್ಟ ಹನ್ನೊಂದು ವರ್ಷದಲ್ಲಿ, ಅಣ್ಣನ ಸಾವಿನ ದಿನಗಳನ್ನು ಬಿಟ್ಟರೆ, ಅಕ್ಕ ಒಂದು ದಿನವೂ ಒಲೆ ಬಿಟ್ಟು ಕೂತವಳಲ್ಲ. ಇವಳೆಲ್ಲಿ ಆಸ್ಪತ್ರೆಗೆ ಹೋಗುತ್ತಾಳೆ ಎಂಬ ಧೈರ್ಯ. ಆದರೆ ಗದಿಗೆಮ್ಮ ಸೆರಗಿನಿಂದ ಕೈ ಒರೆಸಿಕೊಂಡು, "ಆತು, ನಾಳೆನ ನಡಿ" ಎಂದಳು.

ರೋಗಿಯ ಜೊತೆಗೆ ಒಬ್ಬರು ಬರಲೇಬೇಕೆಂಬುದು ಆಸ್ಪತ್ರೆಯ ಕಾನೂನು. ಹೀಗಾಗಿ ಗೊಲ್ಲಾಳಪ್ಪನೂ ಹೋಗಬೇಕಾಯಿತು. ಅಲ್ಲಿ ಕೂತಿದ್ದ ಡಾಕ್ಟರ್ ಮಧುರಾ ರಾಯಚೂರಿನವರು. ಹೊರಗೆ ಎಲ್ಲರ ಜೊತೆ ತೆಲುಗು, ಹಿಂದಿ ಮಾತಾಡುತ್ತಿದ್ದವರು ಇವರ ಮಾತು ಕೇಳಿದ್ದೇ "ಬರ್ರಿ ಬರ್ರಿ, ಕೂಡ್ರಿ" ಎಂದು ಊರಿನ ಭಾಷೆಗೆ ಇಳಿದರು. ಬೂದೆಪ್ಪನ ಕಥೆಯನ್ನೆಲ್ಲ ಕೇಳಿ ಬರೆದುಕೊಂಡರು. ಗದಿಗೆಮ್ಮನಾದ ಮೇಲೆ ತಮ್ಮನ ಕಡೆಗೂ ತಿರುಗಿದರು.

"ನಿಮಗೇನರ ತ್ರಾಸ ಐತೇನ್ರಿ? ರಕ್ತ ಬೀಳೂದು, ಹೊಟ್ಟಿ ಕಟ್ಟೂದು, ತೂಕ ಇಳಿಯೂದು?"

"ಇಲ್ರಿ ಮೇಡಂ. ನಾ ಗಟ್ಟಿ ಅದೀನಿ," ಎಂದು ಗೊಲ್ಲಾಳಪ್ಪ ತಿರುಗುತ್ತಿದ್ದ ಫ್ಯಾನಿಗೆ ಉತ್ತರ ಕೊಟ್ಟ.

ಡಾಕ್ಟರು ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆಸಿ, ಇಬ್ಬರ ಬಿಪಿಯನ್ನೂ ನೋಡಿ, ಇಬ್ಬರಿಗೂ ಒಂದೊಂದು ಚೀಟಿ ಬರೆದರು. ಮೂರು ದಿನ ಬೀಜ, ಕಾಳು, ಸಿಪ್ಪೆ ಇರುವ ಯಾವುದನ್ನೂ ತಿನ್ನಬಾರದು. ಹಿಂದಿನ ದಿನವಂತೂ ಬರೀ ನೀರಿನಂಥದ್ದು, ಲೋಟದಲ್ಲಿ ಹಾಕಿದರೆ ತಳ ಕಾಣುವಂಥದ್ದು. ಸಂಜೆಗೆ ಈ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ ಲೋಟ ಲೋಟ ಕುಡಿಯಬೇಕು. ಕರುಳು ತೊಳೆದಿಟ್ಟ ಹಾಗೆ ಆಗಬೇಕು. ಗೊಲ್ಲಾಳಪ್ಪ ತನ್ನ ಚೀಟಿ, ತನ್ನ ಪುಡಿ ಎರಡನ್ನೂ ಕುರ್ಚಿಯ ಮೇಲೇ ಬಿಟ್ಟು ಎದ್ದ. ಗದಿಗೆಮ್ಮ ಏನೂ ಹೇಳದೆ ಅವನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಇನ್ನು ಆ ಮೂರು ದಿನ ಅವಳು ಪಥ್ಯ ಮಾಡಿದ ರೀತಿಯನ್ನು ಹೇಳಬೇಕು. ಅವಳ ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ತಟ್ಟೆ ಹಾಕಿಕೊಂಡು ಕೂತು ಮೆತ್ತಗಿನ ಅನ್ನ, ಮೊಸರು ಉಂಡಳು. ಕೊನೆಯ ದಿನ ಎಳನೀರು, ಸಕ್ಕರೆ ನೀರು, ಸೋಸಿದ ಬೇಳೆಕಟ್ಟಿನ ನೀರು, ಸಂಜೆಗೆ ಪುಡಿಯ ನೀರು. ಆದರೆ ಖಾನಾವಳಿ ನಡೆಯಬೇಕಲ್ಲ? ರೊಟ್ಟಿ ಬಡಿಯಲು ಸೂಗಮ್ಮ ಇದ್ದಳು. ಒಲೆಯ ಮುಂದೆ ಗದಿಗೆಮ್ಮನೇ. ಬದನೆಕಾಯಿ ಎಣ್ಣೆಗಾಯಿಯ ಬೋಗುಣಿಯಿಂದ ಸೌಟು ಎತ್ತಿ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು, ಉಪ್ಪು ಸರಿಯಾಗಿತ್ತು. ಗುರೆಳ್ಳು ಚಟ್ನಿ ಒಂದು ಚಿಟಿಕೆ, ಹುಳಿ ಕಡಿಮೆಯಾಗಿತ್ತು. ಹುಳಿ ಹಾಕಿ ಮತ್ತೊಂದು ಚಿಟಿಕೆ. ಪುಂಡಿಪಲ್ಯ, ಮಡಿಕೆಕಾಳು, ಟೊಮೆಟೊ ಸಾರು, ಎಲ್ಲವೂ ಅಂಗೈಗೆ ಬಂದು ಹೋದವು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಇದು ಊಟ ಎಂದು ಯಾರಾದರೂ ಹೇಳಿದ್ದರೆ ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. ಶಿವರಾತ್ರಿಯ ಉಪವಾಸದ ದಿನವೂ ಊರ ಮಂದಿಗೆಲ್ಲ ಅಡುಗೆ ಮಾಡಿ, ಎಲ್ಲದರ ಉಪ್ಪು ನೋಡಿ, ಉಪವಾಸ ಕೆಡದೆ ಜಾಗರಣೆ ಮಾಡಿದವಳು ಅವಳು. ಅಂಗೈಗೆ ಬಿದ್ದದ್ದು ಅಡುಗೆಯವಳ ಕೆಲಸಕ್ಕೆ ಸೇರಿದ್ದು.

ತಪಾಸಣೆಯ ದಿನ ನಿದ್ದೆಯ ಮದ್ದು ಕೊಟ್ಟಿದ್ದರಿಂದ ಅವಳಿಗೆ ಏನೂ ಗೊತ್ತಾಗಲಿಲ್ಲ. ಕಣ್ಣು ಬಿಟ್ಟು ಎಚ್ಚರಾಗಿ, ಚಹ ಕುಡಿದ ಮೇಲೆ ಡಾಕ್ಟರು ಒಳಗೆ ಕರೆದರು. ಅವರ ಮುಖ ಸಪ್ಪಗಿತ್ತು.

"ನಿನ್ನಿ ಏನು ಉಂಡ್ರಿ ಅಮ್ಮಾ?"

"ಏನೂ ಇಲ್ರಿ. ನೀರ ಬಿಟ್ರ ನೀರ."

"ಹಂಗಾರ ಇದೇನ್ರಿ?" ಎಂದು ಅವರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಗುಲಾಬಿ ಬಣ್ಣದ ಗೋಡೆಯ ತುಂಬಾ ಸಣ್ಣ ಸಣ್ಣ ಕಪ್ಪು ಚೂರುಗಳು.

ಗದಿಗೆಮ್ಮ ಮೂಗಿನ ತುದಿ ಪರದೆಗೆ ತಾಗುವಷ್ಟು ಬಗ್ಗಿ ನೋಡಿದಳು. "ಗುರೆಳ್ಳು," ಎಂದಳು. ಇನ್ನಷ್ಟು ನೋಡಿ, "ಅದು ಬದನಿಕಾಯಿ ಬೀಜ" ಎಂದಳು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು, ಆಗಲಿಲ್ಲ. "ನೋಡ್ರಿ, ಗುರೆಳ್ಳು ಇಡೀ ಇಡೀ ಅದಾವ. ಸಣ್ಣಗ ಕುಟ್ಟು ಅಂತ ಸೂಗಮ್ಮಗ ನೂರು ಸಲ ಹೇಳೀನಿ."

ಡಾಕ್ಟರು ನಗು ತಡೆಯಲು ಬಾಯಿಗೆ ಕರವಸ್ತ್ರ ಹಿಡಿದರು. ರುಚಿ ನೋಡಿದ ಕಥೆ ಆಗ ಹೊರಗೆ ಬಂತು.

"ಅದೇನು ಊಟಾನ್ರಿ? ಬರೇ ರುಚಿ ನೋಡಿದ್ದು," ಎಂದು ಗದಿಗೆಮ್ಮ ವಾದಿಸಿದಳು.

"ನೀವು ರುಚಿ ನೋಡಿದ್ದೋ ಉಂಡದ್ದೋ ಕರುಳಿಗೇನ್ ಗೊತ್ತಾಗತೈತ್ರಿ? ಅರ್ಧಾ ಕರುಳು ನನಗ ಕಾಣಲೇ ಇಲ್ಲ. ಇಷ್ಟು ಕಸದಾಗ ಒಂದು ಸಣ್ಣ ಗಂಟು ಇದ್ರೂ ಮುಚ್ಚಿ ಹೋಗತೈತಿ. ಮುಂದಿನ ವಾರ ಮತ್ತ ಮಾಡೋಣು. ಒಲಿ ಮುಂದ ಮಾತ್ರ ಹೋಗಬ್ಯಾಡ್ರಿ."

ಹೊರಗೆ ಕಾಯುತ್ತಿದ್ದ ಗೊಲ್ಲಾಳಪ್ಪ ಸುದ್ದಿ ಕೇಳಿ ಹಿಗ್ಗಿಹೋದ. ಅವನ ಖುಷಿ ಮುಚ್ಚಿಡುವಂತಿರಲಿಲ್ಲ. "ನಿಂದು ಪೂರಾ ಆಗಿಲ್ಲಲ್ಲಕ್ಕ! ಪೂರಾ ಆದಮ್ಯಾಲ ನಂದು ಅಂದಿದ್ದೆ. ಬಿಡು, ಇದು ನಮ್ಮಂಥಾ ಮಂದಿಗೆ ಆಗೂ ಕೆಲಸ ಅಲ್ಲ," ಎಂದು ಆಟೋ ಕರೆಯಲು ಓಡಿದ. ಗದಿಗೆಮ್ಮ ಆ ದಿನ ಅಪರೂಪಕ್ಕೆ ಅವನ ಮುಖ ನೋಡಿದಳು. ನಗುತ್ತಿದ್ದ ಮುಖದ ಕೆನ್ನೆಗಳು ಒಳಗೆ ಹೋಗಿದ್ದವು, ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಅಣ್ಣನೂ ಕೊನೆಯ ಸಂಕ್ರಾಂತಿಗೆ ಬಂದಾಗ ಹೀಗೇ ನಕ್ಕಿದ್ದ. ಅವಳಿಗೆ ಹೆದರಿಕೆಯಾಯಿತು, ಸಿಟ್ಟೂ ಬಂತು. ಆಟೋದಲ್ಲಿ ಉಪ್ಪಲ್ ಬರುವವರೆಗೂ ಹೊರಗೆ ಮುಖ ಮಾಡಿ ಅತ್ತಳು. ಅವನು ಅದನ್ನು ನಿದ್ದೆಯ ಮದ್ದಿನ ಪರಿಣಾಮ ಎಂದುಕೊಂಡ.

ಮುಂದಿನ ವಾರ ಗದಿಗೆಮ್ಮ ಯುದ್ಧಕ್ಕೆ ನಿಂತವಳ ಹಾಗೆ ತಯಾರಾದಳು. ಮೊದಲ ಎರಡು ದಿನ ಮರೆವು ಆಗದಿರಲೆಂದು ಹರ್ಷಿತಾಳ ಕೈಯಿಂದ ಎಡ ಅಂಗೈಗೆ ಬಟ್ಟೆ ಕಟ್ಟಿಸಿಕೊಂಡಳು. ನೋಡಿದವರೆಲ್ಲ ಕೈ ಸುಟ್ಟಿತೇ ಎಂದು ಕೇಳಿದ್ದಕ್ಕೆ ಹೌದೆಂದಳು. ಮೂರನೆಯ ದಿನ, ಬರೀ ನೀರಿನ ದಿನ, ಸೌಟನ್ನು ಸೂಗಮ್ಮನಿಗೆ ಒಪ್ಪಿಸಿ ಹಿಂದಿನ ಖೋಲಿಯಲ್ಲಿ ಕೂತಳು. ಬಡಿಸಲು ಹರ್ಷಿತಾ ಆಫೀಸಿಗೆ ರಜೆ ಹಾಕಿ ಬಂದಳು. ಕಾವಲಿಗೆ ಗೊಲ್ಲಾಳಪ್ಪ.

"ನನ್ನ ಬಾಯಿ ಮ್ಯಾಲ ನನಗ ಭರೋಸಾ ಇಲ್ಲ. ನೀ ಕೆಲಸ ಬಿಟ್ಟು ಇಲ್ಲೇ ಕುಂದುರು," ಎಂದು ಅವನಿಗೆ ಹೇಳಿದ್ದಳು. ಅವನಿಗೂ ಅಕ್ಕನ ಮೇಲೆ ಜೀವ. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತ.

ಅಡುಗೆಮನೆಯಲ್ಲಿ ಸಾಸಿವೆ ಚಟಗುಟ್ಟಿದಾಗ ಗದಿಗೆಮ್ಮ ಎದ್ದು ನಿಂತಳು, ಗೊಲ್ಲಾಳಪ್ಪ ಕೂರಿಸಿದ. ಬೇಳೆ ಸೀಯುವ ವಾಸನೆ ಬಂದಾಗ ಕೂಗಿದಳು, ಅವನು ಬಾಗಿಲು ಮುಂದೆ ಮಾಡಿದ. ಸ್ವಲ್ಪ ಹೊತ್ತಿಗೆ ಸೂಗಮ್ಮ ಹಳೆಯ ರೂಢಿಯಂತೆ ಸೌಟು ಹಿಡಿದು ಬಾಗಿಲಿಗೆ ಬಂದು, "ಉಪ್ಪು ನೋಡ್ರಿ ಅಕ್ಕಾರ" ಎಂದಳು. ಗದಿಗೆಮ್ಮನ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ಗೊಲ್ಲಾಳಪ್ಪ ಜಿಗಿದು ಮಣಿಕಟ್ಟು ಹಿಡಿದ.

"ಆಕಿ ಬಿಟ್ರ ಹೈದರಾಬಾದಿನಾಗ ನಾಲಿಗಿ ಇದ್ದವ್ರು ಯಾರೂ ಇಲ್ಲೇನು? ಆ ಹುಡುಗೀಗೆ ತೋರಿಸು ಹೋಗು!"

ಹೀಗೆ ಆ ದಿನದ ಅಡುಗೆಗೆ ಮೈಸೂರಿನ ನಾಲಿಗೆಯೇ ಗತಿಯಾಯಿತು. ಹರ್ಷಿತಾ ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು ಎಲ್ಲದಕ್ಕೂ ಒಂದೊಂದು ಚೂರು ಬೆಲ್ಲ ಹಾಕಿಸಿದಳು. ಊಟಕ್ಕೆ ಬಂದ ಸರಳಿನ ಮಂದಿ ಎಣ್ಣೆಗಾಯಿ ಬಾಯಿಗಿಟ್ಟು, ಇವತ್ತು ಯಾರದಾದರೂ ಮದುವೆಯೇ ಎಂದು ಕೇಳಿದರು. ಬೆಂಗಳೂರಿನ ಹುಡುಗರು ಮಾತ್ರ ಎರಡೆರಡು ಸಲ ಹಾಕಿಸಿಕೊಂಡರು. ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಂಡ ಗದಿಗೆಮ್ಮನಿಗೆ ಹಸಿವಿಗಿಂತ ಅವಮಾನವೇ ಹೆಚ್ಚಾಯಿತು.

ಗೊಲ್ಲಾಳಪ್ಪನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮನೆಯಲ್ಲಿ ಒಬ್ಬರು ಉಪವಾಸ ಕೂತರೆ ಅವರ ಮುಂದೆ ಇನ್ನೊಬ್ಬರು ಅಗುಳು ಮುಟ್ಟುವುದಿಲ್ಲ, ಇದು ಅವರವ್ವ ಹಾಕಿಕೊಟ್ಟ ಪದ್ಧತಿ. ಅಕ್ಕ ಎಳನೀರು ಕುಡಿದರೆ ಅವನೂ ಎಳನೀರು, ಅಕ್ಕನಿಗೆ ಸಕ್ಕರೆ ನೀರಾದರೆ ಅವನಿಗೂ ಅದೇ. ಅದಕ್ಕೂ ಮೊದಲು ತಿಂಗಳಿಂದ ಅವನದು ಮೊಸರನ್ನವೇ. ಇದು ಗದಿಗೆಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ದಿನದ ಹಿಂದೆಯೇ ಹರ್ಷಿತಾಳಿಂದ ಫೋನ್ ಮಾಡಿಸಿ, ತಮ್ಮನೂ ಹೀಗೇ ಇದ್ದರೆ ಅವನನ್ನೂ ಕರೆತರಬಹುದೇ ಎಂದು ಡಾಕ್ಟರನ್ನು ಕೇಳಿದ್ದಳು. ಅವನ ರಕ್ತದ ವರದಿ ಬಂದಿದೆ, ರಕ್ತ ಕಡಿಮೆಯಿದೆ, ಕರೆತರಲೇಬೇಕು ಎಂದಿದ್ದರು ಅವರು. ಆ ಮಾತು ಕೇಳಿದಾಗಿನಿಂದ ಅವಳಿಗೆ ನಿದ್ದೆಯಿರಲಿಲ್ಲ.

ಸಂಜೆ ಐದಕ್ಕೆ ಅವಳು ಎರಡು ತಂಬಿಗೆ ತಂದು ಇಬ್ಬರ ನಡುವೆ ಇಟ್ಟಳು. ಎರಡಕ್ಕೂ ಪುಡಿ ಕಲಸಿದಳು. ಅವನ ಹೆಸರಿದ್ದ ಚೀಟಿಯನ್ನು ಒಂದು ತಂಬಿಗೆಯ ಪಕ್ಕ ಇಟ್ಟಳು.

"ಇದು ನಿಂದು," ಎಂದಳು.

ಗೊಲ್ಲಾಳಪ್ಪ ಬಾಗಿಲ ಕಡೆ ನೋಡಿದ. ಅಡ್ಡ ಇಟ್ಟಿದ್ದ ಕುರ್ಚಿ ಅವನದೇ. "ನಿಂದಿನ್ನೂ ಪೂರಾ ಆಗಿಲ್ಲ," ಎಂದು ಗೊಣಗಿದ.

"ಸುಮ್ನಿರು. ಬೂದೆಪ್ಪಣ್ಣ ನನಗ ಹೇಳ್ಲಿಲ್ಲ, ನಿನಗ ಹೇಳ್ಲಿಲ್ಲ, ಕಟ್ಕೊಂಡಾಕಿಗೂ ಹೇಳ್ಲಿಲ್ಲ. ಅವನ ತಟ್ಟಿ ನೋಡಾಕ ನಾ ಅಲ್ಲಿ ಇರ್ಲಿಲ್ಲ. ನಿನ್ನ ತಟ್ಟಿ ದಿನಾ ನೋಡಾಕತ್ತೀನಿ ಗೊಲ್ಲಾಳಿ. ಒಬ್ಬ ಅಣ್ಣನ್ನ ಕಳಕೊಂಡೀನಿ. ನೀನೂ ಹೋದ್ರ ನನಗ ಯಾರದಾರ?" ಎಂದು ತಂಬಿಗೆಯನ್ನು ಅವನ ಕಡೆ ಸರಿಸಿದಳು.

ಅವನು ಚೀಟಿಯನ್ನು ಎತ್ತಿ ನಾಲ್ಕಾಗಿ ಮಡಿಚಿದ. ಆಮೇಲೆ ತಲೆ ಎತ್ತದೆ, "ರಕ್ತ ಬೀಳಾಕತ್ತೈತಿ ಅಕ್ಕ. ದಸರಾದಿಂದ," ಎಂದ.

"ಯಾಕ ಹೇಳ್ಲಿಲ್ಲೋ?"

"ನಾಚಿಕಿ. ಆಮ್ಯಾಲ ಅಂಜಿಕಿ. ಅಣ್ಣನ ಹೆಣ ಹೊತ್ತವ ನಾನು, ಹೆಂಗ ಅಂಜಿಕಿ ಆಗಬಾರದು ಹೇಳು. ಅದರಾಗ ಆ ಡಾಕ್ಟರು ಹೆಣ್ಮಗಳು. ಆಕಿ ಮುಂದ ಹೆಂಗ..."

"ಆಕಿ ನನ್ನ ಗುರೆಳ್ಳು, ಬದನಿಕಾಯಿ ಬೀಜ ಎಲ್ಲಾ ನೋಡ್ಯಾಳ. ಅದರ ಮುಂದ ನಿಂದೇನ್ ಭಾರಿ!"

ಗೊಲ್ಲಾಳಪ್ಪನಿಗೆ ನಗು ಬಂತು. ನಗುವಿನ ನಡುವೆ ಅಳುವೂ ಬಂತು. ಮೂಗು ಒರೆಸಿಕೊಂಡು, ಲೋಟ ತುಂಬಿಸಿಕೊಂಡು, ಕಣ್ಣು ಮುಚ್ಚಿ ಗಟಗಟ ಕುಡಿದ. "ಥೂ, ಇದನ್ನ ಎರಡನೇ ಸಲ ಕುಡಿಯಾಕತ್ತೀಯಾ? ನೀ ಗಂಡಸು ನೋಡಕ್ಕ," ಎಂದು ಮುಖ ಹಿಂಡಿದ. ಗದಿಗೆಮ್ಮ ತನ್ನ ಲೋಟ ಎತ್ತಿದಳು.

ಆ ಖಾನಾವಳಿಯ ಹಿತ್ತಲಲ್ಲಿ ಇದ್ದದ್ದು ಒಂದೇ ಪಾಯಖಾನೆ. ಪುಡಿಯ ನೀರು ಒಳಗೆ ಹೋದ ಮುಕ್ಕಾಲು ಗಂಟೆಗೆ ಅಕ್ಕ ತಮ್ಮಂದಿರ ಅಷ್ಟೂ ಪ್ರೀತಿ ಮಾಯವಾಯಿತು. ಒಳಗಿದ್ದ ಅಕ್ಕ ನಾನು ದೊಡ್ಡಾಕಿ ಎಂದರೆ, ಹೊರಗಿದ್ದ ತಮ್ಮ ದೊಡ್ಡಾಕಿ ಆದರೆ ಜಲ್ದಿ ಬಾ ಎಂದು ಬಾಗಿಲು ಬಡಿದ. ಕೊನೆಗೆ ಹರ್ಷಿತಾ ಪಕ್ಕದ ಮನೆಯ ತೆಲುಗಿನ ಅಜ್ಜಿಯ ಕೈಕಾಲು ಹಿಡಿದು ಗೊಲ್ಲಾಳಪ್ಪನಿಗೆ ಅಲ್ಲಿ ಜಾಗ ಕೊಡಿಸಿದಳು. ಆ ಮನೆಗೂ ಖಾನಾವಳಿಗೂ ನಡುವಿನ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಎಷ್ಟನೆಯ ಲೋಟ, ಎಷ್ಟನೆಯ ಸಲ ಎಂದು ಪಂದ್ಯ ಕಟ್ಟಿದವರ ಹಾಗೆ ಕೂಗಿ ಕೇಳಿಕೊಂಡರು. ಬೀದಿಗೆಲ್ಲ ವಿಷಯ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಡಾಕ್ಟರ್ ಮಧುರಾ, ಗೊಲ್ಲಾಳಪ್ಪ ಮುಚ್ಚಿಟ್ಟದ್ದಕ್ಕೆ ಮೊದಲು ಸರಿಯಾಗಿ ಬೈದರು. ಬೈಗುಳ ಮುಗಿದ ಮೇಲೆ ಅವನ ಹೆಗಲು ತಟ್ಟಿ ಒಳಗೆ ಕಳಿಸಿದರು. ಗದಿಗೆಮ್ಮನ ಕರುಳು ಈ ಸಲ ಸ್ವಚ್ಛವಾಗಿತ್ತು. ಕಡಲೆಬೇಳೆಯಷ್ಟು ಒಂದು ಗಂಟು ಸಿಕ್ಕಿತು, ತೆಗೆದರು. ಗೊಲ್ಲಾಳಪ್ಪನದು ಅಷ್ಟಕ್ಕೆ ಮುಗಿಯಲಿಲ್ಲ. ಎರಡು ಸಣ್ಣವು, ಒಂದು ದ್ರಾಕ್ಷಿಯಷ್ಟು ದೊಡ್ಡದು. ಎಲ್ಲವನ್ನೂ ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಏನು ಎತ್ತ ಎಂದು ತಿಳಿಯಲು ಹತ್ತು ದಿನ ಎಂದರು.

ಆ ಹತ್ತು ದಿನ ಗದಿಗೆಮ್ಮ ತಮ್ಮನಿಗೆ ದಿನಾ ತಾನೇ ಬಡಿಸಿದಳು. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು, ಗಿರಾಕಿಗಳು ಪಾಪ ಏನೂ ಅನ್ನಲಿಲ್ಲ. ಗೊಲ್ಲಾಳಪ್ಪ ಕೆಲಸಕ್ಕೆ ಹೋಗಿ ಬರುತ್ತಿದ್ದ. ಐದನೆಯ ದಿನ ಅವನೇ, ರಕ್ತ ನಿಂತಿದೆ ಎಂದು ಬಂದು ಹೇಳಿದ. ಕೇಳದೆಯೇ ಹೇಳಿದನಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ವರದಿ ಬಂದ ದಿನ ಇಬ್ಬರೂ ಡಾಕ್ಟರ ಮುಂದೆ ಒಂದೇ ಕುರ್ಚಿಯಲ್ಲಿ ಕೂತವರಂತೆ ಅಂಟಿಕೊಂಡು ಕೂತಿದ್ದರು.

"ದೊಡ್ಡದು ಐತಲ್ರಿ, ಅದು ಕೆಡಾಕ ಸುರು ಆಗಿತ್ತು," ಎಂದರು ಡಾಕ್ಟರ್ ಮಧುರಾ. "ಆದ್ರ ಬುಡಕ್ಕ ಇಳದಿರಲಿಲ್ಲ. ಪೂರಾ ಬಂದೈತಿ. ಆಪರೇಷನ್ ಬ್ಯಾಡ, ಏನೂ ಬ್ಯಾಡ. ನಾ ಹೇಳಿದಾಗ ಬಂದು ಮತ್ತ ತೋರಿಸ್ಬೇಕು, ಅಷ್ಟ. ಇನ್ನೊಂದೆರಡು ವರ್ಷ ಬಿಟ್ಟು ಬಂದಿದ್ರ ನಾ ಈ ಮಾತು ಹೇಳ್ತಿರಲಿಲ್ಲ."

ಗೊಲ್ಲಾಳಪ್ಪ ಎರಡೂ ಕೈ ಜೋಡಿಸಿದ. ಗದಿಗೆಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು, ಬಹಳ ದಿನದಿಂದ ಒಳಗೆ ಕೊರೆಯುತ್ತಿದ್ದ ಒಂದು ಮಾತು ಕೇಳಿದಳು.

"ಮೇಡಮ್ಮಾರ, ನಮ್ಮ ಬೂದೆಪ್ಪಣ್ಣಂದು ಮೊದಲಿಂದಾನೂ ಅಷ್ಟು ದೊಡ್ಡದಿತ್ತೇನ್ರಿ?"

"ಇಲ್ಲಮ್ಮಾ," ಎಂದರು ಡಾಕ್ಟರು ಮೆಲ್ಲಗೆ. "ಅವರದೂ ಒಂದಿನ ಇಷ್ಟ ಇತ್ತು."

ಆ ಮಾತು ಗದಿಗೆಮ್ಮನ ಕರುಳಿಗೇ ನಾಟಿತು. ಒಂದು ವರ್ಷವಲ್ಲ, ಎಷ್ಟೋ ವರ್ಷ ಅದು ದ್ರಾಕ್ಷಿಯಷ್ಟೇ ಇತ್ತು. ಅಣ್ಣ ಹೊಲಕ್ಕೆ ಹೋಗಿ ಬರುತ್ತಿದ್ದ, ಹಬ್ಬಕ್ಕೆ ಬಂದು ನಗಿಸುತ್ತಿದ್ದ, ಯಾರೂ ನೋಡಲಿಲ್ಲ. ಅವಳು ಸೆರಗು ಬಾಯಿಗೊತ್ತಿಕೊಂಡಳು. ಡಾಕ್ಟರು ನೀರಿನ ಲೋಟ ಮುಂದಿಟ್ಟು, ಬೂದೆಪ್ಪನಿಗೆ ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬನೇ ಮಗ, ಸತೀಶ, ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ, ಬರುವ ಯುಗಾದಿಗೆ ನಲವತ್ತು ತುಂಬುತ್ತದೆ ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಪ್ಪಗ ಬಂದಿದ್ರ ಮಕ್ಕಳು ನಲವತ್ತಕ್ಕ ನೋಡಿಸ್ಕೋಬೇಕ್ರಿ. ಅವರಿಗೆ ಯಾರರ ಹೇಳ್ಯಾರೇನು?"

ಯಾರೂ ಹೇಳಿರಲಿಲ್ಲ. ಗದಿಗೆಮ್ಮ ಹೊರಗೆ ಬಂದು ಫೋನ್ ಹಚ್ಚಿ, ಅವನು ಹಲೋ ಎಂದದ್ದೇ ಏನು ಹೇಳಬೇಕೆಂದು ತಿಳಿಯದೆ ತಡವರಿಸಿದಳು. ಸುತ್ತಲೂ ಬೆಂಚುಗಳ ಮೇಲೆ ಮೂವತ್ತು ನಲವತ್ತು ಜನ, ಎಲ್ಲರೂ ನೆಲ ನೋಡುತ್ತಾ ತಮ್ಮ ಪಾಳಿಗೆ ಕಾಯುತ್ತಿದ್ದರು. ಗೊಲ್ಲಾಳಪ್ಪ ಅವಳ ಕೈಯಿಂದ ಫೋನ್ ಕಸಿದುಕೊಂಡ.

"ಸತೀಶಾ, ನಾ ಕಾಕಾ ಮಾತಾಡಾಕತ್ತೀನಿ. ಚಂದಂಗ ಕೇಳು. ನನಗ ರಕ್ತ ಬೀಳ್ತಿತ್ತಲೇ. ಹಾಂ, ಹಿಂದಿಂದ. ನಿಮ್ಮಪ್ಪಗ ಬಿದ್ದಂಗ. ನಾನೂ ಮುಚ್ಚಿಟ್ಟಿದ್ದೆ, ನಿಮ್ಮತ್ತಿ ಹಿಡದು ಎಳಕೊಂಡು ಬಂದ್ಲು. ತೋರಿಸಿದೆ. ನಳಿಗಿ ಹಾಕಿದ್ರು, ಗಂಟು ತಗದ್ರು. ಬದಕೀನಿ. ಈಗ ನಿನ್ನ ಪಾಳಿ."

ಕಾರಿಡಾರಿನಲ್ಲಿ ಕೂತವರೆಲ್ಲ ತಲೆ ಎತ್ತಿದರು. ಕನ್ನಡ ಬರದವರೂ ಎತ್ತಿದರು. ಅವನ ಬಾಯಿ ಮುಚ್ಚಲು ಗದಿಗೆಮ್ಮನ ಕೈ ಅರ್ಧ ದಾರಿ ಹೋಗಿ, ಹಾಗೇ ನಿಂತು, ಹಿಂದೆ ಬಂತು. ಹೇಳಲಿ, ಇನ್ನೂ ಜೋರಾಗಿ ಹೇಳಲಿ ಎನಿಸಿತು ಅವಳಿಗೆ. ಅವಳು ತಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಕಿವಿಗೊಟ್ಟಳು.

"ಅಪ್ಪನೂ ಹಿಂಗ ಒಂದ್ ಮಾತು ಹೇಳಿದ್ರ ಆಗ್ತಿತ್ತು ಕಾಕಾ," ಎಂದಿತು ಆ ಕಡೆಯ ದನಿ. "ಈ ವಾರ ಕೆಲಸ ಭಾಳ ಐತಿ. ಮುಂದಿನ ತಿಂಗಳು ನೋಡ್ತೀನಿ."

"ಮುಂದಿನ ತಿಂಗಳಿಲ್ಲ, ಗಿಂಗಳಿಲ್ಲ! ನಾನ ಇವತ್ತು ಸಂಜಿ ಬಸ್ಸಿಗೆ ಶಹಾಬಾದಿಗೆ ಬರಾಕತ್ತೀನಿ, ನಿನ್ನ ಕರಕೊಂಡು ಬರಾಕ. ಅಷ್ಟರಾಗ ಎಲ್ಲೀಗೂ ಓಡಿ ಹೋಗಬ್ಯಾಡ. ನಮ್ಮ ಮನಿ ಗಂಡಸರ ಹಣೇಬರಾ ನನಗಿಂತಾ ಚಂದ ಯಾರಿಗೆ ಗೊತ್ತೈತಿ?" ಎಂದು ಗೊಲ್ಲಾಳಪ್ಪ ಗದರಿದ. ಗದರುತ್ತಲೇ ಅವನ ಕಣ್ಣಲ್ಲಿ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ, ಫೋನಿಗೆ ಕೈ ಅಡ್ಡ ಹಿಡಿದು, ಶಹಾಬಾದಿನ ಬಸ್ಸು ಎಷ್ಟಕ್ಕೆ ಎಂದು ಅಕ್ಕನನ್ನು ಕೇಳಿದ.